ಬಿಳಿ ವಾಹನ, ಕರಿ ಮಣ್ಣು: ಶಾಂತಿಪಡೆಯ ಬಿಡಿಭಾಗಗಳ ಲೆಕ್ಕ

ಮೇ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ದಕ್ಷಿಣ ಸುಡಾನಿನ ಜೊಂಗ್ಲೆ, ಯೂನಿಟಿ, ಅಪ್ಪರ್ ನೈಲ್ ರಾಜ್ಯಗಳ ಕಚ್ಚಾ ದಾರಿಗಳು ದಾರಿಗಳಾಗಿ ಉಳಿಯುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯ ರೈತರು ಎರೆ ಎಂದು ಕರೆಯುವ ಜಾತಿಯದೇ ಕಪ್ಪು ಜಿಗುಟು ಮಣ್ಣು ಅಲ್ಲಿಯೂ ಹಬ್ಬಿಕೊಂಡಿದ್ದು, ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳಿಂದ ತುಂಬಿದ ಆ ನೆಲ ನಾಲ್ಕು ಮಳೆ ಬಿದ್ದೊಡನೆ ಗಾಲಿಯನ್ನು ಅಚ್ಚಿನವರೆಗೂ ನುಂಗುವ ಕೆಸರಾಗುತ್ತದೆ. ಇಂಥ ದಾರಿಯಲ್ಲಿ ‘ಯುಎನ್’ ಎಂದು ಕಪ್ಪು ಅಕ್ಷರಗಳಲ್ಲಿ ಬರೆಸಿಕೊಂಡ ಬಿಳಿ ವಾಹನಗಳ ಸಾಲು ಗಂಟೆಗೆ ಕೆಲವೇ ಕಿಲೋಮೀಟರ್ ಸಾಗುತ್ತದೆ. ಒಂದು ಹೂತರೆ ಹಿಂದಿನದು ನಿಲ್ಲುತ್ತದೆ, ಎಳೆಯಲು ಹೋದದ್ದರ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಸಾಲಿನುದ್ದಕ್ಕೂ ಹರಡುತ್ತದೆ.

ಕ್ಲಚ್ ಪ್ಲೇಟ್ ಸುಡುವುದು ದೊಡ್ಡ ಸಂಗತಿಯಲ್ಲ. ಯಾವ ಊರಿನ ಗ್ಯಾರೇಜಿನಲ್ಲಾದರೂ ಅರ್ಧ ದಿನದ ಕೆಲಸ. ಆದರೆ ಆ ಪ್ಲೇಟ್ ನೂರಾರು ಕಿಲೋಮೀಟರ್ ದೂರದ ಉಗ್ರಾಣದಲ್ಲಿಯೂ ಇಲ್ಲದಿದ್ದರೆ, ನಿರಾಶ್ರಿತರ ಶಿಬಿರದಿಂದ ಸೌದೆಗೆ ಹೋಗುವ ಹೆಂಗಸರ ಕಾವಲಿಗೆ ಹೊರಡಬೇಕಾಗಿದ್ದ ಮರುದಿನದ ಗಸ್ತು ರದ್ದಾಗುತ್ತದೆ. ಅದು ಉಗ್ರಾಣದಲ್ಲಿ ಇರಬೇಕೇ ಬೇಡವೇ ಎಂಬ ತೀರ್ಮಾನವಾದರೋ ಬಹುಪಾಲು ಒಂದು ವರ್ಷ ಹಿಂದೆಯೇ, ಕೆಸರಿನಿಂದ ಬಹುದೂರದ ಕಚೇರಿಯಲ್ಲಿ, ಖರೀದಿ ಯೋಜನೆಯ ಒಂದು ಸಾಲಿನಲ್ಲಿ ಆಗಿಹೋಗಿರುತ್ತದೆ.

ವಿಶ್ವಸಂಸ್ಥೆಯ ಶಾಂತಿಪಾಲನೆ ಎಂದೊಡನೆ ಓದುಗರ ಕಣ್ಣಿಗೆ ಬರುವುದು ನೀಲಿ ಹೆಲ್ಮೆಟ್ಟಿನ ಸೈನಿಕ. ಆ ಸೈನಿಕನನ್ನು ಹೊತ್ತೊಯ್ಯುವ ವಾಹನವನ್ನು ಯಾರು ಕೊಳ್ಳುತ್ತಾರೆ, ಅದು ಕೆಟ್ಟರೆ ಬಿಡಿಭಾಗ ಎಲ್ಲಿಂದ ಬರುತ್ತದೆ, ಎಷ್ಟು ಬೇಕೆಂದು ಯಾವ ಲೆಕ್ಕದಿಂದ ನಿರ್ಧರಿಸುತ್ತಾರೆ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ.

ಬಣ್ಣ ಒಂದೇ, ಯಜಮಾನರು ಇಬ್ಬರು

ಶಾಂತಿಪಡೆಯ ವಾಹನಗಳೆಲ್ಲ ಒಂದೇ ಬಿಳಿಯಾಗಿ ಕಂಡರೂ ಅವುಗಳ ಒಡೆತನ ಎರಡು ಬಗೆಯದು. ವಿಶ್ವಸಂಸ್ಥೆ ತಾನೇ ಕೊಂಡು ತನ್ನ ಸಿಬ್ಬಂದಿ, ಸೇನಾ ವೀಕ್ಷಕರು ಹಾಗೂ ಪೊಲೀಸ್ ಅಧಿಕಾರಿಗಳ ಬಳಕೆಗೆ ಕೊಡುವ ಜೀಪು, ಬಸ್ಸು, ಟ್ಯಾಂಕರ್, ಕ್ರೇನ್‌ಗಳದು ಒಂದು ಬಗೆ. ಸೈನ್ಯ ಕಳಿಸುವ ದೇಶಗಳು ತಮ್ಮ ತುಕಡಿಗಳ ಜೊತೆಯಲ್ಲಿಯೇ ಹಡಗಿನಲ್ಲಿ ತರುವ ಟ್ರಕ್ಕು, ಕವಚವಾಹನ, ಆಂಬುಲೆನ್ಸ್‌ಗಳದು ಇನ್ನೊಂದು ಬಗೆ.

ಎರಡನೆಯ ಬಗೆಯ ವಾಹನಗಳಿಗೆ ವಿಶ್ವಸಂಸ್ಥೆ ಆಯಾ ದೇಶಕ್ಕೆ ತಿಂಗಳ ಲೆಕ್ಕದಲ್ಲಿ ಬಾಡಿಗೆ ಕೊಡುತ್ತದೆ. ಮೊದಲು ಪ್ರತಿಯೊಂದು ವಸ್ತುವಿನ ಮೌಲ್ಯವನ್ನೂ ಬರುವಾಗೊಮ್ಮೆ ಹೋಗುವಾಗೊಮ್ಮೆ ಎಣಿಸಿ ಸವಕಳಿ ಕಟ್ಟಿಕೊಡುವ ಪದ್ಧತಿಯಿದ್ದು, ಅದು ವರ್ಷಗಟ್ಟಲೆ ಮುಗಿಯದ ತಕರಾರುಗಳಿಗೆ ದಾರಿಯಾಗುತ್ತಿತ್ತು. 1996ರಲ್ಲಿ ಮಹಾಸಭೆ ಒಪ್ಪಿದ ಹೊಸ ಪದ್ಧತಿಯಲ್ಲಿ ಪ್ರತಿ ಬಗೆಯ ವಾಹನಕ್ಕೂ ಮೊದಲೇ ಗೊತ್ತುಮಾಡಿದ ದರವಿರುತ್ತದೆ. ಸದಸ್ಯ ರಾಷ್ಟ್ರಗಳ ತಜ್ಞರು ಮೂರು ವರ್ಷಕ್ಕೊಮ್ಮೆ ಕೂಡಿ ಆ ದರಗಳನ್ನು ಪರಿಷ್ಕರಿಸುತ್ತಾರೆ.

ಈ ಬಾಡಿಗೆಯಲ್ಲಿ ಎರಡು ಕರಾರುಗಳಿವೆ. ವಾಹನವನ್ನೂ ಅದರ ರಿಪೇರಿಯನ್ನೂ ಬಿಡಿಭಾಗಗಳನ್ನೂ ಸೈನ್ಯ ಕಳಿಸಿದ ದೇಶವೇ ನೋಡಿಕೊಳ್ಳುವುದಾದರೆ ಅದು ವೆಟ್ ಲೀಸ್. ದೇಶ ಬರಿಯ ವಾಹನವನ್ನು ಕೊಟ್ಟು, ನಿರ್ವಹಣೆಯನ್ನು ವಿಶ್ವಸಂಸ್ಥೆ ಅಥವಾ ಮತ್ತೊಂದು ದೇಶ ವಹಿಸಿಕೊಂಡರೆ ಅದು ಡ್ರೈ ಲೀಸ್. ದರ ಮೊದಲನೆಯದಕ್ಕೆ ಹೆಚ್ಚು. ಬಿಡಿಭಾಗಗಳನ್ನು ಸ್ವದೇಶದಿಂದ ತರಿಸುವ ಖರ್ಚೂ ಈ ಲೆಕ್ಕದೊಳಗೆ ಸೇರಿದ್ದು, ಮೊದಲ 800 ಕಿಲೋಮೀಟರ್ ಕಳೆದ ಮೇಲೆ ಪ್ರತಿ 800 ಕಿಲೋಮೀಟರಿಗೆ ನಿರ್ವಹಣಾ ದರದ ಮೇಲೆ ಶೇ 0.25ರಷ್ಟು ಹೆಚ್ಚಳ ಸಿಗುತ್ತದೆ. ದೂರದ ದೇಶದ ತುಕಡಿಗೆ ನಟ್ಟು ಬೋಲ್ಟು ತರಿಸುವುದೂ ತುಟ್ಟಿಯೆಂಬ ಸತ್ಯವನ್ನು ಇಷ್ಟು ಚಿಕ್ಕ ಅಂಕಿಯಲ್ಲಿ ಹಿಡಿದಿಟ್ಟ ನಿಯಮ ಇನ್ನೊಂದಿರಲಾರದು.

ಕೊಟ್ಟ ಹಣಕ್ಕೆ ವಾಹನ ಓಡುತ್ತಿದೆಯೇ ಎಂಬ ತಪಾಸಣೆಯೂ ಇದೆ. ತುಕಡಿ ಬಂದಿಳಿದಾಗ, ಆಮೇಲೆ ಮೂರು ತಿಂಗಳಿಗೊಮ್ಮೆ, ಕೊನೆಗೆ ಮರಳುವಾಗ ತಪಾಸಕರು ಪ್ರತಿಯೊಂದು ವಾಹನವನ್ನೂ ಚಾಲೂ ಮಾಡಿಸಿ ನೋಡುತ್ತಾರೆ. ಒಂದು ವರ್ಗದ ವಾಹನಗಳಲ್ಲಿ ಶೇ 90ಕ್ಕಿಂತ ಕಡಿಮೆ ಓಡುವ ಸ್ಥಿತಿಯಲ್ಲಿದ್ದರೆ ಆ ವರ್ಗದ ಬಾಡಿಗೆ ಕಡಿತವಾಗುತ್ತದೆ. ಹೀಗಾಗಿ ಭಾರತದಂಥ ದೇಶಕ್ಕೆ, ಅಂದರೆ 50ಕ್ಕೂ ಹೆಚ್ಚು ಕಾರ್ಯಾಚರಣೆಗಳಿಗೆ ಸೈನಿಕರನ್ನು ಕಳಿಸಿದ ಅನುಭವವಿರುವ ದೇಶಕ್ಕೂ, ಸ್ವದೇಶದಿಂದ ಬಿಡಿಭಾಗದ ಪೆಟ್ಟಿಗೆ ಸಮಯಕ್ಕೆ ಹೊರಟಿತೇ ಎಂಬುದು ಖಜಾನೆಯ ಪ್ರಶ್ನೆಯೂ ಆಗುತ್ತದೆ.

ಹಳೆಯ ಎಂಜಿನ್ನಿಗೇ ಬೆಲೆ ಏಕೆ

ಇನ್ನು ವಿಶ್ವಸಂಸ್ಥೆಯೇ ಕೊಳ್ಳುವ ವಾಹನಗಳ ವಿಷಯ. ಶಾಂತಿಪಡೆಯೊಡನೆ ಜನ ಜೋಡಿಸಿಕೊಂಡಿರುವ ಹೆಸರು ಟೊಯೊಟಾ ಲ್ಯಾಂಡ್ ಕ್ರೂಸರ್. ನಿಸಾನ್ ಪ್ಯಾಟ್ರೋಲ್ ಕೂಡ ಅನೇಕ ದೇಶಗಳಲ್ಲಿ ಬಳಕೆಯಾಗಿದೆ. ನೆರವು ಸಂಸ್ಥೆಗಳೂ ವಿಶ್ವಸಂಸ್ಥೆಯೂ ದಶಕಗಳ ಕಾಲ ನೆಚ್ಚಿಕೊಂಡ ಲ್ಯಾಂಡ್ ಕ್ರೂಸರ್‌ಗಳಲ್ಲಿ ಇರುವುದು 1990ರಲ್ಲಿ ಬಂದ 4.2 ಲೀಟರಿನ, ಟರ್ಬೊ ಇಲ್ಲದ, ಯಾಂತ್ರಿಕ ಪಂಪಿನಿಂದ ಡೀಸೆಲ್ ಉಣ್ಣುವ ಸರಳ ಎಂಜಿನ್.

ಹೊಸ ತಂತ್ರಜ್ಞಾನ ಬಿಟ್ಟು ಹಳೆಯದನ್ನು ಆರಿಸುವುದರ ಹಿಂದೆ ಜಿಪುಣತನವಿಲ್ಲ, ಡೀಸೆಲ್ಲಿನ ಗುಣವಿದೆ. ಯೂರೋಪಿನ ಮಾಲಿನ್ಯ ನಿಯಮಗಳಿಗೆ ತಕ್ಕಂತೆ ತಯಾರಾದ ಎಂಜಿನ್‌ಗಳು ಗಂಧಕ ಬಹಳ ಕಡಿಮೆಯಿರುವ ಡೀಸೆಲ್ಲನ್ನೇ ಬೇಡುತ್ತವೆ. ಗಂಧಕ ಹೆಚ್ಚಿರುವ, ಬ್ಯಾರಲ್‌ನಿಂದ ಬ್ಯಾರಲ್‌ಗೆ ಸುರಿಯುವಾಗ ನೀರು, ದೂಳು ಸೇರಿಕೊಂಡ ಡೀಸೆಲ್ ಕುಡಿಸಿದರೆ ಅವುಗಳ ಸೂಕ್ಷ್ಮ ಇಂಜೆಕ್ಟರ್‌ಗಳೂ ಹೊಗೆ ಸೋಸುವ ಫಿಲ್ಟರ್‌ಗಳೂ ಕಟ್ಟಿಕೊಳ್ಳುತ್ತವೆ. ಅವನ್ನು ಸರಿಪಡಿಸಲು ಸ್ಪ್ಯಾನರ್ ಸಾಲದು, ಕಂಪ್ಯೂಟರ್ ಬೇಕು, ಅದನ್ನು ಓದಬಲ್ಲ ಮೆಕ್ಯಾನಿಕ್ ಬೇಕು. ದಕ್ಷಿಣ ಸುಡಾನಿನ ಬೆಂಟಿಯು ನೆಲೆಯ ವರ್ಕ್‌ಶಾಪಿನಲ್ಲಿ ಇವೆರಡೂ ಸದಾ ಸಿಗುತ್ತವೆಂಬ ಭರವಸೆಯ ಮೇಲೆ ಖರೀದಿ ಯೋಜನೆ ಕಟ್ಟಲಾಗದು.

ಆಯ್ಕೆಯಲ್ಲಿ ಇನ್ನೊಂದು ವಿವೇಕ, ಮಾದರಿಗಳನ್ನು ಕಡಿಮೆ ಇಡುವುದು. ನಾಲ್ಕು ಕಂಪನಿಗಳ ಜೀಪುಗಳಿದ್ದರೆ ನಾಲ್ಕು ಬಗೆಯ ಬ್ರೇಕ್ ಪ್ಯಾಡ್, ನಾಲ್ಕು ಬಗೆಯ ಫ್ಯಾನ್ ಬೆಲ್ಟ್, ನಾಲ್ಕು ಬಗೆಯ ತರಬೇತಿ ಬೇಕು. ಒಂದೇ ಮಾದರಿಯಿದ್ದರೆ ಕೆಟ್ಟು ನಿಂತ ಒಂದು ಬಂಡಿಯ ಅಂಗಾಂಗ ಬಿಚ್ಚಿ ಇನ್ನೆರಡನ್ನು ಓಡಿಸಬಹುದು. ಆದರೆ ಒಂದೇ ಕಂಪನಿಗೆ ಅಂಟಿಕೊಂಡರೆ ಮುಕ್ತ ಸ್ಪರ್ಧೆಯ ನಿಯಮಕ್ಕೆ ಪೆಟ್ಟು ಬೀಳುತ್ತದೆ. ವಿಶ್ವಸಂಸ್ಥೆಯ ಹಣಕಾಸು ನಿಯಮಗಳು ಖರೀದಿಗೆ ನಾಲ್ಕು ತತ್ವಗಳನ್ನು ಹೇಳುತ್ತವೆ: ಕೊಟ್ಟ ಹಣಕ್ಕೆ ಅತ್ಯುತ್ತಮ ಮೌಲ್ಯ; ನ್ಯಾಯ, ಪ್ರಾಮಾಣಿಕತೆ ಮತ್ತು ಪಾರದರ್ಶಕತೆ; ಪರಿಣಾಮಕಾರಿ ಅಂತರರಾಷ್ಟ್ರೀಯ ಸ್ಪರ್ಧೆ; ಸಂಸ್ಥೆಯ ಹಿತ. ವರ್ಕ್‌ಶಾಪಿನವರಿಗೆ ಬೇಕಾದುದು ಏಕರೂಪ, ಖರೀದಿ ವಿಭಾಗಕ್ಕೆ ಬೇಕಾದುದು ಸ್ಪರ್ಧೆ. ಈ ಎಳೆದಾಟಕ್ಕೆ ಕಂಡುಕೊಂಡ ಮಧ್ಯದ ದಾರಿಯೇ ಜಾಗತಿಕ ಟೆಂಡರಿನ ದೀರ್ಘಾವಧಿ ಒಪ್ಪಂದ.

ಸಿಸ್ಟಮ್ಸ್ ಕಾಂಟ್ರ್ಯಾಕ್ಟ್ ಎಂದು ಕರೆಯುವ ಈ ಒಪ್ಪಂದದಲ್ಲಿ ಟೆಂಡರ್ ಒಮ್ಮೆ ನಡೆಯುತ್ತದೆ. ಕೆಲವು ವರ್ಷಗಳವರೆಗೆ ದರ, ಬಿಡಿಭಾಗ, ತರಬೇತಿ ಎಲ್ಲಕ್ಕೂ ಮಾತಾಗಿರುತ್ತದೆ. ಒಟ್ಟು ಮೊತ್ತ ಇಷ್ಟನ್ನು ಮೀರಕೂಡದೆಂಬ ಮಿತಿಯಿರುತ್ತದೆ. ಇಷ್ಟೇ ಕೊಳ್ಳುತ್ತೇವೆಂಬ ಖಾತರಿ ಮಾತ್ರ ಇರುವುದಿಲ್ಲ. ಯಾವುದೇ ದೇಶದಲ್ಲಿರುವ ಶಾಂತಿಪಡೆ ಹೊಸ ಟೆಂಡರಿನ ಗೊಡವೆಯಿಲ್ಲದೆ ಆ ಒಪ್ಪಂದದಡಿ ಆರ್ಡರ್ ಹಾಕಬಹುದು.

ಚಿಕ್ಕದೆಂದು ತೋರುವ ಒಂದು ವಿವರವನ್ನೂ ಇಲ್ಲಿ ಹೇಳಬೇಕು. ಕೆನ್ಯಾ, ಉಗಾಂಡಗಳಲ್ಲಿ ಭಾರತದಂತೆ ರಸ್ತೆಯ ಎಡಬದಿಯಲ್ಲಿ ಓಡಾಟ. ಗಡಿ ದಾಟಿದೊಡನೆ ದಕ್ಷಿಣ ಸುಡಾನಿನಲ್ಲಿ ಬಲಬದಿಯಲ್ಲಿ. ಸ್ಟೀರಿಂಗ್ ಯಾವ ಕಡೆಗೆ ಇರಬೇಕೆಂಬುದು ಆರ್ಡರಿನಲ್ಲಿಯೇ ನಮೂದಾಗಬೇಕಾಗುತ್ತದೆ. ಒಂದು ದೇಶದಲ್ಲಿ ಉಳಿಕೆಯಾದ ವಾಹನಗಳನ್ನು ನೆರೆಯ ದೇಶದ ಪಡೆಗೆ ವರ್ಗಾಯಿಸುವಾಗ ಲೆಕ್ಕ ತಪ್ಪುವುದೂ ಇಂಥ ಕಡೆಯಲ್ಲಿಯೇ.

ನಾಲ್ಕು ಪಂಚಾಂಗಗಳು

ಖರೀದಿ ಯೋಜನೆಯ ಕಷ್ಟವೆಲ್ಲ ಕಾಲದ ಲೆಕ್ಕದಲ್ಲಿದೆ. ಇಲ್ಲಿ ಒಂದಕ್ಕೊಂದು ತಾಳೆಯಾಗದ ನಾಲ್ಕು ಪಂಚಾಂಗಗಳನ್ನು ಒಟ್ಟಿಗೆ ಓದಬೇಕಾಗುತ್ತದೆ. ಮಳೆಯದೊಂದು, ಬಜೆಟ್ಟಿನದೊಂದು, ಭದ್ರತಾ ಮಂಡಳಿಯ ನಿರ್ಣಯದ್ದೊಂದು, ಯಂತ್ರದ ಆಯುಸ್ಸಿನದು ಮತ್ತೊಂದು.

ಶಾಂತಿಪಾಲನೆಯ ಹಣಕಾಸು ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಎಲ್ಲ ಕಾರ್ಯಾಚರಣೆಗಳ ಒಟ್ಟು ಬಜೆಟ್ 2024–25ರಲ್ಲಿ ಸುಮಾರು 560 ಕೋಟಿ ಡಾಲರ್ ಇತ್ತು. ಪ್ರತಿ ಕಾರ್ಯಾಚರಣೆಯೂ ತನಗೆ ಎಷ್ಟು ವಾಹನ, ಎಷ್ಟು ಬಿಡಿಭಾಗ ಬೇಕೆಂದು ವರ್ಷ ಆರಂಭವಾಗುವುದಕ್ಕೆ ಬಹಳ ತಿಂಗಳ ಮೊದಲೇ ಅಂದಾಜು ಕಟ್ಟಿ ನ್ಯೂಯಾರ್ಕಿಗೆ ಕಳಿಸುತ್ತದೆ. ಅಲ್ಲಿ ಆಡಳಿತ ಮತ್ತು ಬಜೆಟ್ ಪ್ರಶ್ನೆಗಳ ಸಲಹಾ ಸಮಿತಿ ಅದನ್ನು ಸಾಲುಸಾಲಾಗಿ ನೋಡುತ್ತದೆ. ಕೊನೆಯ ಚೌಕಾಸಿ ನಡೆಯುವುದು ಮಹಾಸಭೆಯ ಐದನೇ ಸಮಿತಿಯಲ್ಲಿ, ಅಂದರೆ ಎಲ್ಲ ಸದಸ್ಯ ರಾಷ್ಟ್ರಗಳೂ ಕೂತು ದುಡ್ಡಿನ ಮಾತಾಡುವ ಸಮಿತಿಯಲ್ಲಿ, ಮೇ–ಜೂನ್ ತಿಂಗಳುಗಳಲ್ಲಿ.

ಈ ದಿನಾಂಕಗಳನ್ನು ಮಳೆಯ ಪಕ್ಕ ಇಟ್ಟು ನೋಡಬೇಕು. ದಕ್ಷಿಣ ಸುಡಾನಿನಲ್ಲಿ ಮಳೆಗಾಲ ಹೆಚ್ಚುಕಡಿಮೆ ಮೇನಿಂದ ಅಕ್ಟೋಬರ್‌ವರೆಗೆ. ಜುಲೈಯಲ್ಲಿ ಹಣ ಕೈಗೆ ಬಂದು ಆರ್ಡರ್ ಹಾಕಿದರೆ, ವಾಹನ ತಯಾರಾಗಿ ಹಡಗೇರಿ ಬಂದರು ಮುಟ್ಟುವ ಹೊತ್ತಿಗೆ ಒಣಹವೆ ಅರ್ಧ ಕಳೆದಿರುತ್ತದೆ. ಸ್ವಲ್ಪ ತಡವಾದರೂ ಮತ್ತೆ ಮಳೆ ಹಿಡಿದು, ಮಾಲು ರಾಜಧಾನಿ ಜುಬಾದಲ್ಲಿಯೇ ಕೂರುತ್ತದೆ. ಇತ್ತ ವರ್ಷ ಮುಗಿಯುವುದರೊಳಗೆ ಆರ್ಡರಿಗೆ ಹಣ ಕಟ್ಟಿಡದಿದ್ದರೆ ಅದು ವಾಪಸಾಗುತ್ತದೆಂಬ ಧಾವಂತ. ಇಲ್ಲಿನ ಸರ್ಕಾರಿ ಕಚೇರಿಗಳ ಮಾರ್ಚ್ ತಿಂಗಳನ್ನು ಬಲ್ಲವರಿಗೆ ಅಲ್ಲಿನ ಜೂನ್ ತಿಂಗಳನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ಭದ್ರತಾ ಮಂಡಳಿಯ ಅವಧಿ. ಮಂಡಳಿ ಯಾವ ಪಡೆಗೂ ಹತ್ತಿಪ್ಪತ್ತು ವರ್ಷದ ಆಯುಸ್ಸನ್ನು ಒಮ್ಮೆಗೇ ಬರೆದುಕೊಡುವುದಿಲ್ಲ. ತಿಂಗಳುಗಳ ಲೆಕ್ಕದಲ್ಲಿ, ಹೆಚ್ಚೆಂದರೆ ವರ್ಷದ ಲೆಕ್ಕದಲ್ಲಿ ಅವಧಿ ಕೊಟ್ಟು ಮುಂದುವರಿಸುತ್ತ ಹೋಗುತ್ತದೆ. ಇದಕ್ಕೆ ಕನ್ನಡ ನಾಡಿನ ಓದುಗರಿಗೆ ಹತ್ತಿರದ ಉದಾಹರಣೆ ಸೈಪ್ರಸ್. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ 1964ರ ಜುಲೈಯಲ್ಲಿ ಅಲ್ಲಿನ ಪಡೆಯ ದಂಡನಾಯಕರಾಗಿ ಹೋಗಿ, 1965ರ ಡಿಸೆಂಬರ್ 18ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಆ ಪಡೆಯನ್ನು 1964ರ ಮಾರ್ಚಿನಲ್ಲಿ ರಚಿಸಿದಾಗ ಕೊಟ್ಟಿದ್ದ ಅವಧಿ ಬರಿ ಮೂರು ತಿಂಗಳು. ಪಡೆ ಇವತ್ತಿಗೂ ಅಲ್ಲಿದೆ.

ಮೂರು ತಿಂಗಳ ಪಡೆಗೆ ಹೊಸ ಜೀಪು ಕೊಳ್ಳಬೇಕೇ, ಹಳೆಯದನ್ನು ತರಿಸಬೇಕೇ? ಅರುವತ್ತು ವರ್ಷ ಉಳಿಯುವ ಪಡೆಗಾದರೆ ಉತ್ತರ ಬೇರೆಯೇ. ಎರಡರಲ್ಲಿ ಯಾವುದು ಎಂದು ಮುಂಗಡ ಹೇಳಬಲ್ಲವರು ಯಾರೂ ಇಲ್ಲದಿರುವಾಗ, ಯೋಜಕರು ನಿರ್ಣಯದ ಅಕ್ಷರವನ್ನು ಬಿಟ್ಟು ಯಂತ್ರದ ಆಯುಸ್ಸನ್ನೇ ಹಿಡಿದು ನಡೆಯುತ್ತಾರೆ. ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು ಮುಗಿದ ಮೇಲೆ ವಾಹನವನ್ನು ಬದಲಿಸಬೇಕೆಂಬ ಮಾನದಂಡಗಳಿವೆ. ವರ್ಷಕ್ಕೆ ಇಂತಿಷ್ಟು ಪಾಲು ಬದಲಿಸುತ್ತ ಹೋದರೆ ಪಡೆಯ ವಾಹನಗಳ ಸರಾಸರಿ ವಯಸ್ಸು ಹದದಲ್ಲಿರುತ್ತದೆ. ಸದಸ್ಯ ರಾಷ್ಟ್ರಗಳು ಬಜೆಟ್ ಕತ್ತರಿಸಲು ಹೊರಟಾಗ ಮೊದಲು ಮುಂದೂಡಲ್ಪಡುವುದೂ ಈ ಬದಲಾವಣೆಯೇ. ಆ ವರ್ಷ ಉಳಿತಾಯ ಕಾಣುತ್ತದೆ. ಮುಂದಿನ ಎರಡು ವರ್ಷ ಬಿಡಿಭಾಗದ ಬಿಲ್ಲು ಅದನ್ನು ತಿಂದುಹಾಕುತ್ತದೆ.

ಒಂದು ಆಯಿಲ್ ಫಿಲ್ಟರಿನ ಗಣಿತ

ಬಿಡಿಭಾಗದ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಒಂದು ಪಡೆಯ ಬಳಿ ಒಂದೇ ಮಾದರಿಯ 400 ಜೀಪುಗಳಿದ್ದು, ಪ್ರತಿಯೊಂದೂ ತಿಂಗಳಿಗೆ ಸರಾಸರಿ 1,500 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ ತಿಂಗಳ ಒಟ್ಟು ಓಟ ಆರು ಲಕ್ಷ ಕಿಲೋಮೀಟರ್. ಐದು ಸಾವಿರ ಕಿಲೋಮೀಟರಿಗೊಮ್ಮೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕಾದರೆ ತಿಂಗಳಿಗೆ 120 ಫಿಲ್ಟರ್ ಬೇಕು.

ಆರ್ಡರ್ ಹಾಕಿದ ದಿನದಿಂದ ಉಗ್ರಾಣದ ಕಪಾಟಿಗೆ ಬರುವವರೆಗೆ ಆರು ತಿಂಗಳು ಹಿಡಿಯುವುದಾದರೆ, ಆ ಆರು ತಿಂಗಳ ಖರ್ಚಿಗೇ 720 ಬೇಕು. ಮಳೆ, ಮುಷ್ಕರ, ಗಡಿ ಮುಚ್ಚುವಿಕೆ ಎಂದು ಇನ್ನೆರಡು ತಿಂಗಳ ಆಪತ್ಕಾಲದ ದಾಸ್ತಾನು 240. ಅಂದರೆ ಕಪಾಟಿನಲ್ಲಿ 960 ಫಿಲ್ಟರ್ ಉಳಿದಿರುವಾಗಲೇ ಮುಂದಿನ ಆರ್ಡರ್ ಹೊರಡಬೇಕು. ಲೆಕ್ಕ ಗೊತ್ತಿಲ್ಲದವರ ಕಣ್ಣಿಗೆ ಅದು ತುಂಬಿ ತುಳುಕುವ ಕಪಾಟು. ಯೋಜಕರ ಕಣ್ಣಿಗೆ ಖಾಲಿಯಾಗಲು ಆರಂಭಿಸಿದ ಕಪಾಟು.

ಫಿಲ್ಟರು, ಬ್ರೇಕ್ ಪ್ಯಾಡು, ಬೆಲ್ಟು, ಬಲ್ಬುಗಳಂಥ ಬೇಗ ಸವೆಯುವ ವಸ್ತುಗಳಿಗೆ ಈ ಗಣಿತ ಚೆನ್ನಾಗಿ ಹೊಂದುತ್ತದೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸ್ಟೀರಿಂಗ್ ಪಂಪ್‌ಗಳ ವಿಷಯದಲ್ಲಿ ಹೊಂದುವುದಿಲ್ಲ, ಏಕೆಂದರೆ 400 ಬಂಡಿಗಳಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಕೆಡುವ ವಸ್ತುವಿಗೆ ಸರಾಸರಿ ಎಂಬುದು ಹೆಸರಿಗಷ್ಟೆ. ಒಂದೇ ವಾರದಲ್ಲಿ ಎರಡು ಕೆಡಬಹುದು, ಎರಡು ವರ್ಷ ಒಂದೂ ಕೆಡದಿರಬಹುದು. ಇಂಥ ದುಬಾರಿ ಭಾಗಗಳನ್ನು ಕೆಲವನ್ನಷ್ಟೇ ಇಟ್ಟುಕೊಂಡು, ಮಿಕ್ಕದ್ದಕ್ಕೆ ಅಪಘಾತದಲ್ಲಿ ಜಖಂ ಆದ ವಾಹನಗಳಿಂದ ಬಿಚ್ಚಿಕೊಳ್ಳುವುದು ರೂಢಿ. ಬಿಚ್ಚುವುದಕ್ಕೂ ಅನುಮತಿ ಬೇಕು, ಬಿಚ್ಚಿದ್ದು ದಾಖಲಾಗಬೇಕು, ಇಲ್ಲವಾದರೆ ಲೆಕ್ಕದ ಪುಸ್ತಕದಲ್ಲಿ ಇಡಿಯಾಗಿರುವ ಜೀಪು ಶೆಡ್ಡಿನಲ್ಲಿ ಬರಿಯ ತಗಡಾಗಿ ನಿಂತಿರುತ್ತದೆ. ಟೈರು, ಬ್ಯಾಟರಿ, ರಬ್ಬರ್ ಬುಷ್‌ಗಳದು ಮತ್ತೊಂದು ಗೋಳು: ಬಳಸದೆ ಇಟ್ಟರೂ ಅವು ಬಿಸಿಲ ನಾಡಿನ ಕಂಟೇನರಿನೊಳಗೆ ಹಾಳಾಗುತ್ತವೆ.

ಈ ಗಣಿತವೆಲ್ಲ ನಿಂತಿರುವುದು ಕಿಲೋಮೀಟರಿನ ಲೆಕ್ಕ ನಿಜವಾಗಿರಬೇಕೆಂಬ ಒಂದೇ ಆಧಾರದ ಮೇಲೆ. ಅದಕ್ಕಾಗಿ ಅನೇಕ ಕಾರ್ಯಾಚರಣೆಗಳಲ್ಲಿ ಕಾರ್‌ಲಾಗ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ವಾಹನಗಳಿಗೆ ಅಳವಡಿಸಲಾಯಿತು. ಚಾಲಕ ತನ್ನ ಕಾರ್ಡನ್ನು ಉಜ್ಜಿದ ಮೇಲೆಯೇ ಬಂಡಿ ಹೊರಡುತ್ತದೆ. ಯಾರು, ಎಷ್ಟು ದೂರ, ಎಷ್ಟು ವೇಗದಲ್ಲಿ ಓಡಿಸಿದರೆಂಬುದು ದಾಖಲಾಗುತ್ತದೆ. ವೇಗ ಮಿತಿ ಮೀರಿದವರನ್ನು ಹಿಡಿಯಲು ಬಳಸುವ ಈ ಪೆಟ್ಟಿಗೆ ಬಿಡಿಭಾಗದ ಯೋಜಕರಿಗೂ ಅಷ್ಟೇ ಉಪಯೋಗಿ. ದಾಸ್ತಾನಿನ ದಾಖಲೆ ಮೊದಲು ಗೆಲಿಲಿಯೊ ಎಂಬ ತಂತ್ರಾಂಶದಲ್ಲಿತ್ತು. 2013ರಿಂದ ಹಂತಹಂತವಾಗಿ ಉಮೋಜ ಎಂಬ ಏಕೀಕೃತ ವ್ಯವಸ್ಥೆಗೆ ಬಂತು. ಒಂದು ಪಡೆಯಲ್ಲಿ ಕೊಳೆಯುತ್ತಿರುವ ವಸ್ತು ಇನ್ನೊಂದು ಪಡೆಗೆ ಬೇಕಾಗಿದೆಯೇ ಎಂದು ಕೇಂದ್ರದಲ್ಲಿ ಕುಳಿತವರು ನೋಡಬಹುದೆಂಬುದು ಅದರ ದೊಡ್ಡ ಪ್ರಯೋಜನ.

ವ್ಯವಸ್ಥೆ ಎಷ್ಟೇ ಆಧುನಿಕವಾದರೂ ಕೊನೆಗೆ ಎಲ್ಲವೂ ಪಾರ್ಟ್ ನಂಬರ್ ಎಂಬ ಅಂಕಿಗಳ ಸಾಲಿಗೆ ಬಂದು ನಿಲ್ಲುತ್ತದೆ. ಒಂದೇ ಹೆಸರಿನ, ಒಂದೇ ಆಕಾರದ ಜೀಪಿನಲ್ಲಿಯೂ ಎರಡು ವರ್ಷಗಳ ತಯಾರಿಕೆಯ ನಡುವೆ ಬೇರಿಂಗ್ ಬದಲಾಗಿರಬಹುದು, ಬ್ರೇಕಿನ ಅಳತೆ ಬೇರೆಯಾಗಿರಬಹುದು. ಆದ್ದರಿಂದ ಇಂಡೆಂಟ್ ಬರೆಯುವವರು ಮಾದರಿಯ ಹೆಸರನ್ನು ನಂಬದೆ ಚಾಸಿ ನಂಬರ್ ಹಿಡಿದು ಕಂಪನಿಯ ಕ್ಯಾಟಲಾಗ್ ನೋಡಬೇಕು. ಒಂದಂಕಿ ಹೆಚ್ಚುಕಡಿಮೆಯಾದರೆ ಆರು ತಿಂಗಳ ಬಳಿಕ ಪೆಟ್ಟಿಗೆ ಬರುತ್ತದೆ, ಒಳಗಿರುವ ಭಾಗ ಕೂರುವುದಿಲ್ಲ. ಅದನ್ನು ಹಿಂದಿರುಗಿಸುವ ಖರ್ಚು ಭಾಗದ ಬೆಲೆಗಿಂತ ಹೆಚ್ಚಾದ್ದರಿಂದ ಅದು ಅಲ್ಲಿಯೇ ಉಳಿಯುತ್ತದೆ.

ಮೊಂಬಾಸಾದಿಂದ ಮಲಾಕಾಲ್‌ಗೆ

ದಕ್ಷಿಣ ಸುಡಾನಿಗೆ ಸಮುದ್ರವಿಲ್ಲ. ಮಾಲು ಕೆನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದು, ಟ್ರಕ್ಕಿನ ಮೇಲೆ ಕೆನ್ಯಾ, ಉಗಾಂಡಗಳನ್ನು ದಾಟಿ ನಿಮುಲೆ ಎಂಬ ಗಡಿಪಟ್ಟಣಕ್ಕೆ ಬರುತ್ತದೆ. ನಿಮುಲೆಯಿಂದ ರಾಜಧಾನಿ ಜುಬಾಕ್ಕೆ ಸುಮಾರು 190 ಕಿಲೋಮೀಟರ್. ಅಮೆರಿಕದ ನೆರವಿನಿಂದ 2012ರಲ್ಲಿ ಡಾಂಬರು ಕಂಡ ಆ ರಸ್ತೆ ದೇಶದ ಜೀವನಾಡಿ. ಕಷ್ಟ ಆರಂಭವಾಗುವುದು ಜುಬಾದ ಆಚೆಗೆ.

ಬೋರ್, ಮಲಾಕಾಲ್, ಬೆಂಟಿಯು, ವಾವ್ ಮುಂತಾದ ನೆಲೆಗಳಿಗೆ ಒಣಹವೆಯಲ್ಲಿ ರಸ್ತೆ, ಮಳೆಗಾಲದಲ್ಲಿ ವಿಮಾನ, ಮಲಾಕಾಲ್ ಕಡೆಗಾದರೆ ಬಿಳಿ ನೈಲ್ ನದಿಯ ದೋಣಿ. ಮಳೆ ಹಿಡಿಯುವ ಮುನ್ನವೇ ಈ ನೆಲೆಗಳಲ್ಲಿ ತಿಂಗಳುಗಳಿಗಾಗುವಷ್ಟು ಟೈರು, ಆಯಿಲ್ಲು, ಫಿಲ್ಟರು ತುಂಬಿಡುತ್ತಾರೆ. ಬೆಂಟಿಯುವಿನಲ್ಲಿ 2021ರಿಂದೀಚೆಗೆ ನೆರೆ ಇಳಿಯದೆ ನಿಂತು, ಪಾಕಿಸ್ತಾನದ ಎಂಜಿನಿಯರ್ ತುಕಡಿ ಕಟ್ಟಿಕಾಯ್ದ ಮಣ್ಣಿನ ಒಡ್ಡುಗಳ ನಡುವೆ ಶಿಬಿರವೂ ನೆಲೆಯೂ ಉಳಿದುಕೊಂಡವು. ಅಂಥಲ್ಲಿ ಗಸ್ತಿನ ಜೀಪಿಗಿಂತ ಮಣ್ಣು ತಳ್ಳುವ ಡೋಜರ್, ಎಕ್ಸ್‌ಕವೇಟರ್‌ಗಳ ಬಿಡಿಭಾಗವೇ ಮುಖ್ಯವಾಯಿತು. ಹಿಂದಿನ ವರ್ಷದ ಬಳಕೆಯನ್ನೇ ನೋಡಿ ಮುಂದಿನ ವರ್ಷದ ಇಂಡೆಂಟ್ ಬರೆಯುವ ಪದ್ಧತಿ ಇಂಥ ಪಲ್ಲಟಗಳ ಮುಂದೆ ಸೋಲುತ್ತದೆ.

ಸರಕು ಸಾಗಣೆಗೆ ಬೆಂಗಾವಲು ಬೇಕು. ಅದಕ್ಕೆ ತೆತ್ತ ಬೆಲೆಯಲ್ಲಿ ಭಾರತದ ಪಾಲೂ ಇದೆ. 2013ರ ಏಪ್ರಿಲ್ 9ರಂದು ಜೊಂಗ್ಲೆಯ ಗುಮುರುಕ್ ಬಳಿ ವಿಶ್ವಸಂಸ್ಥೆಯ ವಾಹನಗಳ ಸಾಲಿನ ಮೇಲೆ ನಡೆದ ಹೊಂಚುದಾಳಿಯಲ್ಲಿ ಬೆಂಗಾವಲಿಗಿದ್ದ ಐವರು ಭಾರತೀಯ ಸೈನಿಕರು ಸೇರಿ ಹನ್ನೆರಡು ಮಂದಿ ಸತ್ತರು. ದಾರಿಯಲ್ಲಿ ಕೆಟ್ಟು ನಿಲ್ಲುವ ವಾಹನ ಇಂಥ ಪ್ರದೇಶದಲ್ಲಿ ಬರಿಯ ವಿಳಂಬವಲ್ಲ.

ತುಂಬಿದ ಉಗ್ರಾಣ, ಸಿಟ್ಟಿನ ಲೆಕ್ಕಪರಿಶೋಧಕ

ಬೇಕಾದುದಕ್ಕಿಂತ ಹೆಚ್ಚು ಬಿಡಿಭಾಗ ಕೊಂಡಿಟ್ಟಿದ್ದೀರಿ, ವರ್ಷಗಟ್ಟಲೆ ಅಲುಗದ ದಾಸ್ತಾನಿದೆ ಎಂಬ ಆಕ್ಷೇಪ ವಿಶ್ವಸಂಸ್ಥೆಯ ಲೆಕ್ಕಪರಿಶೋಧನಾ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆಕ್ಷೇಪ ಸರಿಯಾದುದೇ. ವಾಹನದ ಮಾದರಿ ಬದಲಾದ ಮೇಲೂ ಹಳೆಯದರ ಭಾಗಗಳು ಉಳಿಯುತ್ತವೆ, ಕಾಣೆಯಾಗುತ್ತವೆ, ಕೆಲವೊಮ್ಮೆ ಕಂಟೇನರಿನ ಮೂಲೆಯಲ್ಲಿರುವುದು ಗೊತ್ತಾಗದೆ ಅದನ್ನೇ ಮತ್ತೆ ಕೊಳ್ಳಲಾಗುತ್ತದೆ.

ಆದರೆ ಎರಡು ತಪ್ಪುಗಳ ಬೆಲೆ ಸಮವಲ್ಲ. ಹೆಚ್ಚು ಕೊಂಡರೆ ವರದಿಯಲ್ಲಿ ಒಂದು ಪ್ಯಾರಾ ಬರುತ್ತದೆ, ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ. ಕಡಿಮೆ ಕೊಂಡರೆ ಗಸ್ತು ನಿಲ್ಲುತ್ತದೆ, ರೋಗಿಯನ್ನು ತರಬೇಕಾದ ಆಂಬುಲೆನ್ಸ್ ಜ್ಯಾಕಿನ ಮೇಲೆ ನಿಂತಿರುತ್ತದೆ. ಮೊದಲನೆಯ ತಪ್ಪು ಎಲ್ಲ ಕಾಗದಗಳಲ್ಲಿಯೂ ಕಾಣುತ್ತದೆ, ಎರಡನೆಯದು ಯಾವ ಕಾಗದದಲ್ಲಿಯೂ ಕಾಣುವುದಿಲ್ಲ, ನಡೆಯದೆ ಹೋದ ಗಸ್ತಿಗೆ ಬಿಲ್ಲು ಇರುವುದಿಲ್ಲವಾದ್ದರಿಂದ. ಹೀಗಿರುವಾಗ ಉಗ್ರಾಣದ ಅಧಿಕಾರಿ ಸ್ವಲ್ಪ ಹೆಚ್ಚಿನ ಕಡೆಗೆ ವಾಲುವುದು ಅರ್ಥವಾಗುವಂಥದ್ದು. ಅರ್ಥವಾಗದಿರುವುದು, ಎಷ್ಟು ವಾಲಬಹುದೆಂಬ ಮಿತಿಯನ್ನು ಬಳಕೆಯ ಅಂಕಿಗಳಿಂದ ಹೇಳಲು ಸಾಧ್ಯವಿದ್ದೂ ಅನೇಕ ಕಡೆ ಅಂದಾಜಿಗೇ ಬಿಟ್ಟಿರುವುದು.

ಬ್ರಿಂಡಿಸಿಯ ಕಾಯ್ದಿಟ್ಟ ದಾಸ್ತಾನು

ಹೊಸ ಪಡೆಯೊಂದು ಹುಟ್ಟುವಾಗ ಮೇಲಿನ ಯಾವ ಲೆಕ್ಕಕ್ಕೂ ಸಮಯವಿರುವುದಿಲ್ಲ. ಅಲ್ಜೀರಿಯದ ಮಾಜಿ ವಿದೇಶಾಂಗ ಸಚಿವ ಲಖ್ದರ್ ಬ್ರಾಹಿಮಿ ಅವರ ನೇತೃತ್ವದ ಸಮಿತಿ 2000ದಲ್ಲಿ ಕೊಟ್ಟ ವರದಿ, ಸಾಂಪ್ರದಾಯಿಕ ಪಡೆಯನ್ನು 30 ದಿನಗಳೊಳಗೆ, ಸಂಕೀರ್ಣ ಪಡೆಯನ್ನು 90 ದಿನಗಳೊಳಗೆ ನೆಲೆಗೊಳಿಸುವ ಶಕ್ತಿ ಇರಬೇಕೆಂದಿತು. ವಾಹನದ ಟೆಂಡರಿಗೇ ಅದಕ್ಕಿಂತ ಹೆಚ್ಚು ಕಾಲ ಬೇಕು. ಆದ್ದರಿಂದ 2002ರಲ್ಲಿ ಇಟಲಿಯ ಬ್ರಿಂಡಿಸಿಯಲ್ಲಿ, 1994ರಿಂದಲೂ ಇದ್ದ ವಿಶ್ವಸಂಸ್ಥೆಯ ಸರಕು ನೆಲೆಯಲ್ಲಿ, ಮುಂಗಡವಾಗಿ ವಾಹನ, ಜನರೇಟರ್, ಬಿಡಿಭಾಗಗಳನ್ನು ಕೂಡಿಟ್ಟುಕೊಳ್ಳುವ ವ್ಯವಸ್ಥೆಯಾಯಿತು. ಅಲ್ಲಿಂದ ಪಡೆಗೆ ವಾಹನ ಹೋದರೆ ಆ ಪಡೆಯ ಬಜೆಟ್ಟಿನಿಂದ ಹಣ ಬಂದು, ಖಾಲಿಯಾದ ಜಾಗಕ್ಕೆ ಹೊಸತು ಸೇರುತ್ತದೆ. ಬಳಕೆಯಾಗದೆ ನಿಂತ ಬಂಡಿಗಳ ಬ್ಯಾಟರಿ ಇಳಿಯದಂತೆ, ಟೈರು ಬಿರಿಯದಂತೆ ನೋಡಿಕೊಳ್ಳುವುದೇ ಅಲ್ಲಿನ ಮೆಕ್ಯಾನಿಕ್‌ಗಳ ನಿತ್ಯದ ಕೆಲಸ.

ಮುಗಿಸುವ ಲೆಕ್ಕ

ಪಡೆ ಮುಚ್ಚುವಾಗಿನ ಯೋಜನೆ ತೆರೆಯುವಾಗಿನದಕ್ಕಿಂತ ಕಠಿಣ. ಸುಸ್ಥಿತಿಯಲ್ಲಿರುವ ವಾಹನ ಬೇರೆ ಪಡೆಗೆ ಅಥವಾ ಬ್ರಿಂಡಿಸಿಗೆ ಹೋಗಬೇಕು, ಸಾಗಣೆಯ ಖರ್ಚು ಬೆಲೆಯನ್ನು ಮೀರುವಂಥದ್ದು ಸ್ಥಳದಲ್ಲಿಯೇ ಹರಾಜಾಗಬೇಕು, ಇಲ್ಲವೆ ಅಲ್ಲಿನ ಸರ್ಕಾರಕ್ಕೋ ಇತರ ಸಂಸ್ಥೆಗಳಿಗೋ ಸೇರಬೇಕು, ಉಳಿದದ್ದು ಗುಜರಿಗೆ. ಇದಕ್ಕೆಲ್ಲ ಸಮಯ ಬೇಕು, ಶಾಂತಿ ಬೇಕು.

ಮಾಲಿಯಲ್ಲಿ ಎರಡೂ ಸಿಗಲಿಲ್ಲ. 2013ರಿಂದ ಅಲ್ಲಿದ್ದ ಪಡೆಯನ್ನು ಸೈನಿಕ ಸರ್ಕಾರದ ಒತ್ತಾಯದ ಮೇಲೆ ಹಿಂತೆಗೆಯಲು ಭದ್ರತಾ ಮಂಡಳಿ 2023ರ ಜೂನ್ 30ರಂದು ನಿರ್ಧರಿಸಿ, ವರ್ಷಾಂತ್ಯದೊಳಗೆ ಹೊರಡಬೇಕೆಂದಿತು. ಉತ್ತರದ ಟೆಸ್ಸಾಲಿಟ್, ಅಗ್ವೆಲ್‌ಹೋಕ್, ಕಿಡಾಲ್ ನೆಲೆಗಳ ಸುತ್ತ ಕಾಳಗ ಹೊತ್ತಿಕೊಂಡದ್ದರಿಂದ ಅಕ್ಟೋಬರಿನಲ್ಲಿ ಪಡೆಗಳು ಅವಸರದಲ್ಲಿ ಹೊರಡಬೇಕಾಗಿ ಬಂದು, ಸಾಗಿಸಲಾಗದ ವಾಹನ, ಜನರೇಟರ್, ಮದ್ದುಗುಂಡುಗಳನ್ನು ಅಲ್ಲಿಯೇ ನಾಶಪಡಿಸಲಾಯಿತು. ಕಿಡಾಲ್‌ನಿಂದ ಹೊರಟ ಕೊನೆಯ ಸಾಲು ದಾರಿಯಲ್ಲಿ ಹುದುಗಿಸಿಟ್ಟ ಬಾಂಬುಗಳನ್ನು ದಾಟಿಕೊಂಡು ಸುಮಾರು 350 ಕಿಲೋಮೀಟರ್ ದೂರದ ಗಾವೊ ಸೇರಬೇಕಾಯಿತು. ಎರಡು ವರ್ಷ ಹಿಂದೆ ಆ ವಾಹನಗಳಿಗೆ ಬಿಡಿಭಾಗ ಆರ್ಡರ್ ಮಾಡಿದವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ರಾಜಕೀಯದ ಪಂಚಾಂಗ ಯಂತ್ರದ ಪಂಚಾಂಗವನ್ನು ಮೀರಿತು.

ಇದರಿಂದ ಖರೀದಿಯವರು ಕಲಿಯಬೇಕಾದುದು ಒಂದಿದೆ. ಯಾವ ವಾಹನವನ್ನು ಎಷ್ಟು ಕೊಳ್ಳಬೇಕೆಂಬ ಕಡತದಲ್ಲಿಯೇ ಅದನ್ನು ಎಲ್ಲಿಂದ ಹೇಗೆ ಹೊರಗೆ ತರುವುದೆಂಬ ಹಾಳೆಯೂ ಇರಬೇಕು. ಅದಕ್ಕೆ ಮುಂದಿನ ಪರೀಕ್ಷೆ ದೂರವಿಲ್ಲ: 1978ರಿಂದ ದಕ್ಷಿಣ ಲೆಬನಾನಿನಲ್ಲಿರುವ, ಭಾರತದ ಬೆಟಾಲಿಯನ್ ಕೂಡ ದೀರ್ಘಕಾಲದಿಂದ ದುಡಿದಿರುವ ಪಡೆಯ ಅವಧಿಯನ್ನು ಭದ್ರತಾ ಮಂಡಳಿ 2025ರ ಆಗಸ್ಟ್‌ನಲ್ಲಿ ಕೊನೆಯ ಬಾರಿಗೆ ವಿಸ್ತರಿಸಿದೆ. ಆ ನಿರ್ಣಯದಂತೆ ಪಡೆಯ ಕಾರ್ಯಾಚರಣೆ 2026ರ ಡಿಸೆಂಬರ್ 31ಕ್ಕೆ ಮುಗಿಯಬೇಕು, ಅಲ್ಲಿಂದ ಒಂದು ವರ್ಷದೊಳಗೆ ಸೈನಿಕರೂ ವಾಹನಗಳೂ ಹೊರಡಬೇಕು.